ಮುಂದಿನ ಲೋಟದಿಂದ ಹಿಂದಿನ ಬಾಗಿಲ ತನಕ: ಗ್ರೆಗ್ ಟೋಲಂಡ್ ಕೆಲಸ ನೋಡ್ಕೊಂಡು ಡೀಪ್ ಫೋಕಸ್ ಶಾಟ್ ತೆಗೆಯೋ ಸಮಗ್ರ ಮಾರ್ಗದರ್ಶಿ

ಕಿರುಚಿತ್ರ ಮಾಡೋ ಹುಡುಗ್ರು, ಹುಡುಗೀರು ನಂಗೆ ತಂದು ತೋರಿಸೋ ಡೀಪ್ ಫೋಕಸ್ ಶಾಟ್‌ಗಳು ಹೆಚ್ಚೂಕಮ್ಮಿ ಎಲ್ಲಾ ಒಂದೇ ಥರ ಕೆಟ್ಟಿರ್ತವೆ. ಮುಂದೆ ಕೂತಿರೋರ ಮುಖ ಚೂರು ಮಸುಕು, ಹಿಂದಿನ ರೂಮು ಪೂರ್ತಿ ಕಪ್ಪು, ಆ ಕಪ್ಪಿನೊಳಗೆ ನಾಯ್ಸ್ (ಕಾಳು ಕಾಳು ಚುಕ್ಕಿ) ಪಿತಪಿತ ಅಂತಿರುತ್ತೆ, ಹಿಂದೆ ನಿಂತಿರೋರು ಯಾರು ಅಂತಾನೇ ಗೊತ್ತಾಗಲ್ಲ. ಕೇಳಿದ್ರೆ "ಸರ್, ಅಪರ್ಚರ್ ಎಫ್ 11 ಇಟ್ಟಿದ್ವಲ್ಲ" ಅಂತಾರೆ. ತಪ್ಪಾಗಿರೋದೇ ಅಲ್ಲಿ. ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರೋ ತೂತು, ಎಫ್ ನಂಬರ್ ಜಾಸ್ತಿಯಾದಷ್ಟೂ ತೂತು ಚಿಕ್ಕದು, ಶಾರ್ಪ್ ಇರೋ ಆಳ ಜಾಸ್ತಿ) ಮುಟ್ಟೋದು ಈ ಕೆಲಸದಲ್ಲಿ ಆರನೇ ಹಂತ, ಇವರು ಅದನ್ನೇ ಮೊದಲನೇ ಹಂತ ಮಾಡ್ಕೊಂಡು ಮಿಕ್ಕಿದ್ದನ್ನೆಲ್ಲ ಅದಕ್ಕೆ ಹೊಂದಿಸೋಕೆ ಒದ್ದಾಡ್ತಾರೆ.

ಡೀಪ್ ಫೋಕಸ್ ಅಂದ್ರೆ ಕ್ಯಾಮೆರಾಗೆ ಒಂದು ಮೀಟರ್ ದೂರದಲ್ಲಿರೋದೂ ಐದಾರು ಮೀಟರ್ ಆಚೆ ಇರೋದೂ ಒಂದೇ ಶಾಟ್‌ನಲ್ಲಿ, ಒಂದೇ ಸಲ ಸ್ಪಷ್ಟವಾಗಿ ಕಾಣೋದು. ಇದನ್ನ ಹಾಲಿವುಡ್‌ನ ಛಾಯಾಗ್ರಾಹಕ ಗ್ರೆಗ್ ಟೋಲಂಡ್ ಹೆಂಗೆ ಮಾಡಿದ್ರು ಅನ್ನೋದಕ್ಕೆ ಅವರೇ 1941ರಲ್ಲಿ ಬರೆದಿಟ್ಟ ವಿವರ ಇದೆ, ಸಿನಿಮಾಗಳು ಕಣ್ಣೆದುರಿಗೇ ಇವೆ. ಹಾಗಾಗಿ ಇಲ್ಲಿ ಅವರ ಕೆಲಸದ ಕ್ರಮ ಹಿಡ್ಕೊಂಡೇ ಒಂದೊಂದು ಹಂತ ಹೇಳ್ತೀನಿ. ದಯವಿಟ್ಟು ಕ್ರಮ ತಪ್ಪಿಸಬೇಡಿ.

## ಮೊದಲು ಜೋಡಿಸ್ಕೊಬೇಕಾದ ಸಾಮಾನು

ಕ್ಯಾಮೆರಾ ಯಾವುದಾದ್ರೂ ಸರಿ, ಫೋಕಸ್, ಶಟರ್ (ಒಂದೊಂದು ಫ್ರೇಮ್‌ಗೆ ಬೆಳಕು ಬೀಳೋ ಹೊತ್ತು), ಐಎಸ್‌ಒ (ಸೆನ್ಸರ್ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನೋ ಸೆಟ್ಟಿಂಗ್) ಮೂರೂ ಮ್ಯಾನ್ಯುಯಲ್ ಆಗಿ ಲಾಕ್ ಆಗಬೇಕು ಅಷ್ಟೇ. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಆದ್ರೆ 24 ಎಂಎಂ ಲೆನ್ಸ್, ಕ್ರಾಪ್ ಸೆನ್ಸರ್ (ಅದಕ್ಕಿಂತ ಚಿಕ್ಕದು) ಆದ್ರೆ 16 ಎಂಎಂ. ಕ್ಯಾಮೆರಾ ಜೊತೆ ಬರೋ 18-55 ಇದ್ರೆ 18ರಲ್ಲಿ ಇಟ್ಕೊಳ್ಳಿ, ನಡೆಯುತ್ತೆ. ಗಟ್ಟಿ ಟ್ರೈಪಾಡ್ ಬೇಕು.

ಲೈಟು ಕಮ್ಮಿ ಅಂದ್ರೂ ನಾಲ್ಕು. ಎರಡು ಜೋರಾದ ಎಲ್‌ಇಡಿ ಫ್ಲಡ್ ಲೈಟ್, ಎಲೆಕ್ಟ್ರಿಕಲ್ ಅಂಗಡೀಲಿ ಸಿಗೋದೇ ಸಾಕು, ಜೊತೆಗೆ ಎರಡು ಚಿಕ್ಕವು. ಎರಡು ಥರ್ಮಾಕೋಲ್ ಶೀಟು, ಬಟರ್ ಪೇಪರ್, ಎರಡು ಮೂರು ಮೀಟರ್ ಕಪ್ಪು ಬಟ್ಟೆ, ಒಂದು ಬಿಳಿ ಪಂಚೆ, ನೆಲಕ್ಕೆ ಗುರುತು ಹಾಕೋಕೆ ಪೇಪರ್ ಟೇಪು. ಮೊಬೈಲ್‌ನಲ್ಲಿ ಒಂದು ಲಕ್ಸ್ ಮೀಟರ್ (ಬೆಳಕು ಅಳೆಯೋ) ಆಪ್ ಹಾಕ್ಕೊಳ್ಳಿ, ಅದರ ನಂಬರ್ ಪಕ್ಕಾ ಇರಲ್ಲ, ಆದ್ರೆ ಇಲ್ಲಿಗೂ ಅಲ್ಲಿಗೂ ಎಷ್ಟು ಪಟ್ಟು ವ್ಯತ್ಯಾಸ ಅಂತ ಹೇಳೋಕೆ ಅದು ಸಾಕು.

ಎಲ್ಲರೂ ಮರೆಯೋ ಸಾಮಾನು ಅಳತೆ ಟೇಪು. ಅದಿಲ್ದೆ ಈ ಶಾಟ್ ಬರಲ್ಲ. ಕಣ್ಣಂದಾಜಲ್ಲಿ "ಒಂದೂವರೆ ಮೀಟರ್ ಇರಬೋದು" ಅಂದಿದ್ದು ಅಳೆದಾಗ 90 ಸೆಂಟಿಮೀಟರ್ ಇರುತ್ತೆ, ಮುಖ ಮಸುಕಾಗೋದು ಆ ವ್ಯತ್ಯಾಸದಲ್ಲೇ.

## ಹಂತ 1: ಸಿನಿಮಾಗಳನ್ನ ಈ ಕ್ರಮದಲ್ಲಿ ನೋಡಿ, ಸೌಂಡ್ ಆಫ್ ಮಾಡಿ

ಎಲ್ಲರೂ ನೇರ 'ಸಿಟಿಜನ್ ಕೇನ್'ಗೆ ಹೋಗ್ತಾರೆ, ಹಾಗೆ ಮಾಡಬೇಡಿ. ಮೊದಲು 1939ರ 'ವುದರಿಂಗ್ ಹೈಟ್ಸ್' ನೋಡಿ, ಟೋಲಂಡ್‌ಗೆ ಆಸ್ಕರ್ ಬಂದಿದ್ದು ಅದಕ್ಕೇ, ಅದರಲ್ಲಿ ಮೇಣದಬತ್ತಿ ಬೆಳಕು, ಮೆದುವಾದ ಮುಖಗಳು. ಆಮೇಲೆ 1940ರ 'ದಿ ಗ್ರೇಪ್ಸ್ ಆಫ್ ರಾತ್' ಮತ್ತು 'ದಿ ಲಾಂಗ್ ವಾಯೇಜ್ ಹೋಮ್', ಎರಡೂ ನಿರ್ದೇಶಕ ಜಾನ್ ಫೋರ್ಡ್ ಜೊತೆ ಮಾಡಿದ್ದು. ಅಲ್ಲಿ ಕತ್ತಲಲ್ಲಿ ಒಂದೇ ಕಡೆಯಿಂದ ಬರೋ ಬೆಳಕು, ಮುಂದೊಬ್ಬ ಹಿಂದೊಬ್ಬ ನಿಲ್ಲೋದು ಶುರುವಾಗುತ್ತೆ. ಅದಾದ ಮೇಲೆ 1941ರ 'ಕೇನ್', ಅದೇ ವರ್ಷದ 'ದಿ ಲಿಟಲ್ ಫಾಕ್ಸಸ್', ಕೊನೇಗೆ 1946ರ 'ದಿ ಬೆಸ್ಟ್ ಇಯರ್ಸ್ ಆಫ್ ಅವರ್ ಲೈವ್ಸ್'. ಈ ಕ್ರಮದಲ್ಲಿ ನೋಡಿದ್ರೆ ಆ ಮನುಷ್ಯ ಡೀಪ್ ಫೋಕಸ್ ಅನ್ನ ಒಂದೇ ದಿನಕ್ಕೆ ಕಂಡುಹಿಡಿದಿದ್ದಲ್ಲ, ಒಂದೊಂದು ಸಿನಿಮಾದಲ್ಲಿ ಒಂದೊಂದು ತುಂಡು ಪರೀಕ್ಷೆ ಮಾಡ್ತಾ ಬಂದಿದ್ದು ಅಂತ ಕಾಣುತ್ತೆ.

ಈಗ ಎರಡು ಶಾಟ್ ಪಾಜ್ ಮಾಡಿ, ಪೇಪರ್ ಮೇಲೆ ಮೇಲಿನಿಂದ ನೋಡಿದ ಹಾಗೆ ನಕ್ಷೆ ಬರೀರಿ. ಒಂದು, ಕೇನ್‌ನಲ್ಲಿ ಹುಡುಗ ಹಿಮದಲ್ಲಿ ಆಡ್ತಿರೋದು. ಕ್ಯಾಮೆರಾ ಅವನಿಂದ ಶುರುವಾಗಿ ಕಿಟಕಿ ಮೂಲಕ ಹಿಂದಕ್ಕೆ ಸರೀತಾ ಮನೆಯೊಳಗೆ ಬರುತ್ತೆ, ಅಮ್ಮ ಮೇಜಿನ ಹತ್ರ ಕೂತು ಮಗನನ್ನ ಬೇರೆಯವರಿಗೆ ಒಪ್ಪಿಸೋ ಕಾಗದಕ್ಕೆ ಸೈನ್ ಹಾಕ್ತಾಳೆ, ದೂರದ ಕಿಟಕಿ ಚೌಕಟ್ಟಲ್ಲಿ ಮಗ ಇನ್ನೂ ಆಡ್ತಾನೇ ಇರ್ತಾನೆ. ಕ್ಯಾಮೆರಾ ದಾಟಿ ಹೋದ ಮೇಲೆ ಆ ಮೇಜನ್ನ ಜಾಗಕ್ಕೆ ತಳ್ಳಿದ್ದಾರೆ, ಅದರ ಮೇಲಿರೋ ಟೋಪಿ ಇನ್ನೂ ಚೂರು ಅಲುಗಾಡ್ತಿರೋದು ಗಮನವಿಟ್ಟು ನೋಡಿದ್ರೆ ಸಿಗುತ್ತೆ. ಎರಡು, ಬೆಸ್ಟ್ ಇಯರ್ಸ್‌ನ ಬಾರ್ ಸೀನ್. ಮುಂದೆ ಕೈ ಕಳ್ಕೊಂಡ ಸೈನಿಕ ಕೊಕ್ಕೆಗಳಲ್ಲಿ ಪಿಯಾನೋ ಬಾರಿಸ್ತಾನೆ, ಪಕ್ಕದಲ್ಲಿ ನಿಂತಿರೋನು ಆಗಾಗ ತಿರುಗಿ ಹಿಂದಕ್ಕೆ ನೋಡ್ತಾನೆ, ತೀರಾ ಹಿಂದೆ ಫೋನ್ ಬೂತ್‌ನೊಳಗೆ ಇನ್ನೊಬ್ಬ ಆ ನಿಂತಿರೋನ ಮಗಳ ಜೊತೆಗಿನ ಸಂಬಂಧ ಮುರೀತಿದಾನೆ. ಕಥೆ ನಡೀತಿರೋದು ಆ ಚಿಕ್ಕ ಬೂತಲ್ಲಿ, ಫ್ರೇಮ್ ತುಂಬಿರೋದು ಪಿಯಾನೋ.

ಇಲ್ಲಿ ಸಾಮಾನ್ಯ ತಪ್ಪು ಏನಂದ್ರೆ ಬರೀ "ಎಲ್ಲಾ ಶಾರ್ಪ್ ಇದೆ" ಅಂತ ನೋಡಿ ಎದ್ದುಬಿಡೋದು. ನೀವು ಬರ್ಕೊಬೇಕಾದ್ದು ಮೂರು ವಿಷಯ: ಯಾರು ಎಷ್ಟು ದೂರದಲ್ಲಿದ್ದಾರೆ, ಬೆಳಕು ಎಲ್ಲಿಂದ ಬರ್ತಿದೆ, ನಮ್ಮ ಕಣ್ಣನ್ನ ಹಿಂದಕ್ಕೆ ಕಳಿಸ್ತಿರೋದು ಏನು. ಬಾರ್ ಸೀನ್‌ನಲ್ಲಿ ಆ ಕೆಲಸ ಮಾಡ್ತಿರೋದು ಪಿಯಾನೋ ಪಕ್ಕ ನಿಂತೋನ ನೋಟ.

## ಹಂತ 2: ಕ್ಯಾಮೆರಾ ಹೊರಗೆ ತೆಗೆಯೋಕೆ ಮುಂಚೆ ನಟರನ್ನ ನಿಲ್ಲಿಸಿ

ಜಾಗವನ್ನ ಮೂರು ಪದರ ಅಂತ ಮನಸ್ಸಲ್ಲಿ ಇಟ್ಕೊಳ್ಳಿ, ಮುಂದಿನದು, ನಡುವಿನದು, ಹಿಂದಿನದು. ಪ್ರತಿ ಪದರದಲ್ಲೂ ಯಾರೋ ಒಬ್ಬರು ಅಥವಾ ಏನೋ ಒಂದು ಇರಬೇಕು, ಅದಕ್ಕೆ ಕಥೇಲಿ ಕೆಲಸ ಇರಬೇಕು. ಹಿಂದಿನ ಪದರದಲ್ಲಿ ಏನೂ ನಡೀತಿಲ್ಲ ಅಂದ್ರೆ ಈ ಶಾಟೇ ಬೇಡ, ಮಾಮೂಲಿ ಶಾಟ್ ತೆಗೀರಿ, ನಿಮ್ಮ ಅರ್ಧ ದಿನ ಉಳಿಯುತ್ತೆ.

ನಮ್ಮ ಕಡೆ ಹಳೇ ಮನೆಗಳು ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ಮುಂಬಾಗಿಲಲ್ಲಿ ನಿಂತ್ರೆ ಹಜಾರ, ನಡುಮನೆ, ಅಡುಗೆಮನೆ, ಹಿತ್ತಲ ಬಾಗಿಲು ಎಲ್ಲಾ ಒಂದೇ ನೇರಕ್ಕೆ ಕಾಣುತ್ತೆ, ಬಾಗಿಲ ಚೌಕಟ್ಟುಗಳೇ ಪದರ ಮಾಡಿಕೊಡ್ತವೆ. ಅಪಾರ್ಟ್‌ಮೆಂಟ್‌ನಲ್ಲಿರೋರು ಹಾಲ್‌ನ ಮೂಲೆಯಿಂದ ಮೂಲೆಗೆ ಅಡ್ಡಡ್ಡಕ್ಕೆ ಕ್ಯಾಮೆರಾ ಇಡಿ, ನೇರ ಇಟ್ಟಾಗ ಸಿಗೋದಕ್ಕಿಂತ ಹೆಚ್ಚು ಆಳ ಸಿಗುತ್ತೆ.

ಅಭ್ಯಾಸಕ್ಕೆ ಈ ಜೋಡಣೆ ಇಟ್ಕೊಳ್ಳಿ: ಮುಂದೆ ಮೇಜಿನ ಮೇಲೊಂದು ಸ್ಟೀಲ್ ಲೋಟ, ಕ್ಯಾಮೆರಾದಿಂದ 1 ಮೀಟರ್. ನಡುವೆ ಕುರ್ಚೀಲಿ ಒಬ್ಬರು, 2.5 ಮೀಟರ್. ಹಿಂದೆ ಬಾಗಿಲಲ್ಲಿ ಒಬ್ಬರು, 5 ಮೀಟರ್. ಟೇಪ್ ಹಿಡಿದು ಅಳೀರಿ, ನೆಲದ ಮೇಲೆ ಗುರುತು ಹಾಕಿ, ನಂಬರ್‌ಗಳನ್ನ ಬರೆದಿಟ್ಕೊಳ್ಳಿ, ಆರನೇ ಹಂತಕ್ಕೆ ಬೇಕಾಗುತ್ತೆ.

ಎಚ್ಚರಿಕೆ ಗುರುತು: ಮುಂದಿನೋರ ತಲೆ ಹಿಂದಿನೋರ ಮುಖವನ್ನ ಮುಚ್ತಿದ್ರೆ ಈಗಲೇ ಸರಿ ಮಾಡಿ. ಲೈಟ್ ಹಾಕಿದ ಮೇಲೆ ಒಬ್ಬರನ್ನ ಅರ್ಧ ಅಡಿ ಸರಿಸಿದ್ರೂ ಮೂರು ಪದರದ ನೆರಳೂ ಬದಲಾಗಿ ಎಲ್ಲಾ ಮತ್ತೆ ಮೊದಲಿಂದ.

## ಹಂತ 3: ಲೆನ್ಸ್ ಆರಿಸಿ, ಆಮೇಲೆ ಮುಟ್ಟಬೇಡಿ

ಕೇನ್‌ನಲ್ಲಿ ಟೋಲಂಡ್ ಜಾಸ್ತಿ ನೆಚ್ಚಿಕೊಂಡಿದ್ದು 24 ಎಂಎಂ ಲೆನ್ಸ್‌ನ, ಆ ಕಾಲಕ್ಕೆ ಅದು ತುಂಬಾ ವೈಡ್ (ಹೆಚ್ಚು ಅಗಲ ಜಾಗ ಹಿಡಿಯೋದು). ಯಾಕೆ ವೈಡೇ ಬೇಕು ಅನ್ನೋದು ಲೆಕ್ಕದಲ್ಲಿ ಗೊತ್ತಾಗುತ್ತೆ. ಫುಲ್ ಫ್ರೇಮ್‌ನಲ್ಲಿ 24 ಎಂಎಂ, ಎಫ್ 8 ಇಟ್ಟು 2.4 ಮೀಟರ್‌ಗೆ ಫೋಕಸ್ ಮಾಡಿದ್ರೆ 1.2 ಮೀಟರ್‌ನಿಂದ ಹಿಡಿದು ಕಣ್ಣು ಹಾಯೋ ತನಕ ಎಲ್ಲಾ ಶಾರ್ಪ್. ಅದೇ ಎಫ್ 8ರಲ್ಲಿ 50 ಎಂಎಂ ಹಾಕಿದ್ರೆ ಅಂಥ ಸ್ಥಿತಿಗೆ 10 ಮೀಟರ್ ಆಚೆ ಫೋಕಸ್ ಇಡಬೇಕು, ಶಾರ್ಪ್ ಶುರುವಾಗೋದೇ 5 ಮೀಟರ್‌ನಿಂದ. ಲೋಟ ಗಾನ್. 50 ಎಂಎಂನಲ್ಲಿ ಎಫ್ 16 ಹಾಕಿ ಒದ್ದಾಡೋರೆಲ್ಲ ಸೋಲೋದು ಇದಕ್ಕೇ.

ವೈಡ್ ಲೆನ್ಸ್‌ಗೆ ಎರಡು ತೊಂದರೆ ಇದೆ, ಗೊತ್ತಿರಲಿ. ಮುಖವನ್ನ ಅರ್ಧ ಮೀಟರ್‌ಗಿಂತ ಹತ್ರ ತಂದ್ರೆ ಮೂಗು ದೊಡ್ಡದಾಗುತ್ತೆ, ಫ್ರೇಮ್‌ನ ಮೂಲೇಲಿಟ್ರೆ ತಲೆ ಎಳೆದ ಹಾಗಾಗುತ್ತೆ. ಇನ್ನೊಂದು, ಇದು ದೂರವನ್ನ ಹಿಗ್ಗಿಸುತ್ತೆ, ನಾಲ್ಕು ಹೆಜ್ಜೆ ಹಿಂದಕ್ಕೆ ಹೋದೋರು ತುಂಬಾ ಚಿಕ್ಕವರಾಗಿಬಿಡ್ತಾರೆ. ಇದನ್ನ ಉಪಯೋಗಕ್ಕೂ ತಗೋಬಹುದು. ಸಿನಿಮಾದ ನಾಯಕ ಕೇನ್ ತನ್ನ ಪತ್ರಿಕೆಗಳ ಮೇಲಿನ ಹಿಡಿತ ಬಿಟ್ಟುಕೊಡೋ ಸೀನ್‌ನಲ್ಲಿ ಹಿಂದಿನ ಕಿಟಕಿಗಳು ಮಾಮೂಲಿ ಅಳತೆಯವು ಅನ್ಸುತ್ತೆ, ಅವನು ಅವುಗಳ ಕಡೆ ನಡ್ಕೊಂಡು ಹೋದಾಗಲೇ ಅವು ಎಷ್ಟು ದೊಡ್ಡವು, ಅವನು ಎಷ್ಟು ಚಿಕ್ಕೋನು ಅಂತ ಗೊತ್ತಾಗೋದು. ಮಾತೇ ಬೇಕಾಗಲ್ಲ.

ಮೊಬೈಲ್‌ನಲ್ಲಿ ಶೂಟ್ ಮಾಡೋರಿಗೆ ಫೋಕಸ್ ಸುಲಭ, ಸೆನ್ಸರ್ ಚಿಕ್ಕದಿರೋದ್ರಿಂದ ಆಳ ತಾನಾಗೇ ಬರುತ್ತೆ. ಪೋರ್ಟ್ರೇಟ್ ಮೋಡ್, ಸಿನಿಮ್ಯಾಟಿಕ್ ಮೋಡ್, ಲೆನ್ಸ್ ತಾನೇ ಬದಲಾಗೋ ಸೆಟ್ಟಿಂಗ್ ಎಲ್ಲಾ ಆಫ್ ಮಾಡಿ. ನಿಮ್ಮ ಕಷ್ಟ ಇರೋದು ಮುಂದಿನ ಎರಡು ಹಂತದಲ್ಲಿ.

## ಹಂತ 4: ಬೆಳಕಿನ ಲೆಕ್ಕ ಮೊದಲೇ ಹಾಕಿ

ಆ ಕಾಲದಲ್ಲಿ ಸ್ಟುಡಿಯೋ ಒಳಗಿನ ಸೀನ್‌ಗಳನ್ನ ಎಫ್ 2.8ರ ಆಸುಪಾಸಲ್ಲಿ ತೆಗೀತಿದ್ರು, ಟೋಲಂಡ್ ಕೇನ್‌ನ ಹೆಚ್ಚಿನ ಒಳಾಂಗಣ ಸೀನ್‌ಗಳನ್ನ ಎಫ್ 8 ಅಥವಾ ಅದಕ್ಕಿಂತ ಚಿಕ್ಕ ತೂತಲ್ಲಿ ತೆಗೆದ್ರು. 2.8ರಿಂದ 8ಕ್ಕೆ ಮೂರು ಸ್ಟಾಪ್ (ಒಂದೊಂದು ಸ್ಟಾಪ್‌ಗೂ ಬೆಳಕು ಎರಡು ಪಟ್ಟು ಅಥವಾ ಅರ್ಧ), ಅಂದ್ರೆ ಎಂಟು ಪಟ್ಟು ಬೆಳಕು ಬೇಕು. ಆ ಎಂಟು ಪಟ್ಟನ್ನ ಅವರು ಒಂದೇ ಕಡೆಯಿಂದ ತರಲಿಲ್ಲ, ಅದನ್ನ ಗಮನಿಸಿ. ಆಗಷ್ಟೇ ಬಂದಿದ್ದ ಈಸ್ಟ್‌ಮನ್ ಸೂಪರ್ ಡಬಲ್ ಎಕ್ಸ್ ಅನ್ನೋ ವೇಗದ ಫಿಲಂ ಬಳಸಿದ್ರು, ಲೆನ್ಸ್‌ಗೆ ಕೋಟಿಂಗ್ ಹಾಕಿಸಿ ಗಾಜಲ್ಲಿ ಪೋಲಾಗೋ ಬೆಳಕು ಉಳಿಸಿದ್ರು, ಟೆಕ್ನಿಕಲರ್ ಅನ್ನೋ ಕಲರ್ ಸಿನಿಮಾ ವಿಧಾನಕ್ಕೆ ಅಂತ ಮಾಡಿದ್ದ ಜೋರು ಆರ್ಕ್ ಲೈಟ್‌ಗಳನ್ನ ಕಪ್ಪುಬಿಳುಪಿಗೆ ತಂದ್ರು. ಮೂರು ಕಡೆಯಿಂದ ಚೂರು ಚೂರು.

ನಿಮ್ಮ ಲೆಕ್ಕ ಹೀಗೆ. ಸೆಕೆಂಡಿಗೆ 25 ಫ್ರೇಮ್, ಶಟರ್ 1/50, ಐಎಸ್‌ಒ 800, ಎಫ್ 8 ಇಟ್ರೆ ಮುಖದ ಮೇಲೆ ಸುಮಾರು 1000 ಲಕ್ಸ್ ಬೇಕು. ಟ್ಯೂಬ್‌ಲೈಟ್ ಇರೋ ಮನೆ ಹಾಲ್‌ನಲ್ಲಿ ಸಾಮಾನ್ಯವಾಗಿ ಇರೋದು 100ರಿಂದ 150. ಅಂದ್ರೆ ಏಳರಿಂದ ಹತ್ತು ಪಟ್ಟು ಕಮ್ಮಿ, ಇದು ಗೊತ್ತಿಲ್ದೆ ಎಲ್ಲರೂ ಐಎಸ್‌ಒ 6400ಕ್ಕೆ ಏರಿಸ್ತಾರೆ, ಆಗ ಬರೋದೇ ಮೊದಲು ಹೇಳಿದ ನಾಯ್ಸ್. ಐಎಸ್‌ಒ 1600 ತನಕ ಹೋದ್ರೆ 500 ಲಕ್ಸ್ ಸಾಕು, ಇವತ್ತಿನ ಕ್ಯಾಮೆರಾಗಳಲ್ಲಿ ಅದು ಚೆನ್ನಾಗೇ ಇರುತ್ತೆ. ಅದಕ್ಕಿಂತ ಮೇಲೆ ಹೋಗೋಕೆ ಮುಂಚೆ ಲೈಟನ್ನ ಹತ್ರ ತನ್ನಿ, ದೂರ ಅರ್ಧ ಮಾಡಿದ್ರೆ ಬೆಳಕು ನಾಲ್ಕು ಪಟ್ಟಾಗುತ್ತೆ, ದುಡ್ಡು ಖರ್ಚಿಲ್ಲ.

ಶಟರ್ 1/50 ಅಥವಾ 1/100 ಬಿಟ್ಟು ಬೇರೆ ಇಡಬೇಡಿ. ನಮ್ಮ ಕರೆಂಟು 50 ಹರ್ಟ್ಸ್, ಕಮ್ಮಿ ಬೆಲೆಯ ಎಲ್‌ಇಡಿಗಳು ಅದರ ಜೊತೆ ಮಿಣುಕ್ತವೆ, ಕಣ್ಣಿಗೆ ಕಾಣಲ್ಲ, ವಿಡಿಯೋದಲ್ಲಿ ಪಟ್ಟೆ ಪಟ್ಟೆ ಬರುತ್ತೆ. ಹತ್ತು ಸೆಕೆಂಡ್ ಟೆಸ್ಟ್ ತೆಗೆದು ದೊಡ್ಡ ಸ್ಕ್ರೀನ್‌ನಲ್ಲಿ ನೋಡಿ.

ಹ್ಯಾಲೋಜನ್ ತರೋರಿಗೆ ಒಂದು ಮಾತು. ಮನೆಯ 6 ಆಂಪಿಯರ್ ಸಾಕೆಟ್ 1300-1400 ವ್ಯಾಟ್‌ಗಿಂತ ಜಾಸ್ತಿ ತಡಿಯಲ್ಲ. 1000 ವ್ಯಾಟ್‌ನ ಎರಡು ಹ್ಯಾಲೋಜನ್ ಒಂದೇ ಎಕ್ಸ್‌ಟೆನ್ಷನ್ ಬಾಕ್ಸ್‌ಗೆ ಹಾಕಿದ್ರೆ ವೈರ್ ಕಾದು ಕರಗುತ್ತೆ. ಬಟರ್ ಪೇಪರನ್ನ ಅದರ ಮುಂದೆ ತಾಗಿಸಿ ಕಟ್ಟಬೇಡಿ, ಬೆಂಕಿ ಹತ್ಕೊಳ್ಳುತ್ತೆ, ಕಮ್ಮಿ ಅಂದ್ರೂ ಎರಡಡಿ ದೂರ ಇರಲಿ.

## ಹಂತ 5: ಲೈಟ್ ಮಾಡೋದನ್ನ ಹಿಂದಿನಿಂದ ಶುರು ಮಾಡಿ

ಈ ಮಾರ್ಗದರ್ಶೀಲಿ ಒಂದೇ ಹಂತ ಓದೋಕೆ ಪುರಸೊತ್ತು ಇದ್ರೆ ಇದನ್ನ ಓದಿ.

ಕ್ಯಾಮೆರಾ ಪಕ್ಕ ಒಂದು ಜೋರು ಲೈಟ್ ಇಟ್ಟು ಇಡೀ ರೂಮ್ ಬೆಳಗ್ತೀನಿ ಅನ್ನೋದು ಆಗದ ಮಾತು. ಲೈಟಿನಿಂದ 1 ಮೀಟರ್‌ನಲ್ಲಿರೋ ಲೋಟಕ್ಕೆ ಸಿಗೋ ಬೆಳಕಿನ ಹದಿನಾರನೇ ಒಂದು ಭಾಗ ಮಾತ್ರ 4 ಮೀಟರ್‌ನಲ್ಲಿರೋರಿಗೆ ಸಿಗೋದು, ನಾಲ್ಕು ಸ್ಟಾಪ್ ಕಮ್ಮಿ. ಹಿಂದಿನೋರು ಕಾಣೋ ಹಾಗೆ ಮಾಡಿದ್ರೆ ಲೋಟ ಬೆಳ್ಳಗೆ ಸುಟ್ಟುಹೋಗುತ್ತೆ. ಹಾಗಾಗಿ ಪ್ರತಿ ಪದರಕ್ಕೂ ಅದರದೇ ಲೈಟ್ ಬೇಕು.

ಕ್ರಮ ಹೀಗಿರಲಿ. ಎಲ್ಲಾ ಲೈಟ್ ಆರಿಸಿ. ಮೊದಲು ಹಿಂದಿನ ಬಾಗಿಲು, ಲೈಟನ್ನ ಬಾಗಿಲಾಚೆ ಅಥವಾ ಪಕ್ಕದ ಗೋಡೆ ಮರೇಲಿ ಇಟ್ಟು ಅಲ್ಲಿ ನಿಂತೋರ ಒಂದು ಕೆನ್ನೆ ಬೆಳಗೋ ಹಾಗೆ ಮಾಡಿ, ಮೀಟರ್‌ನಲ್ಲಿ ನೋಡಿ, ಬೇಕಾದ ಲಕ್ಸ್ ಬಂತಾ. ಬಂದ ಮೇಲೆ ಆ ಲೈಟನ್ನ ಆರಿಸಿ, ಮುಂದಿನ ಪದರವನ್ನ ಪ್ರತ್ಯೇಕವಾಗಿ ಮಾಡಿ, ಲೋಟಕ್ಕೆ ಚಿಕ್ಕ ಲೈಟು ಅಡ್ಡದಿಂದ, ಬೆಳಕು ಹಿಂದಕ್ಕೆ ಸೋರದ ಹಾಗೆ ಕಪ್ಪು ಬಟ್ಟೆ ಅಡ್ಡ ಕಟ್ಟಿ. ಕೊನೇಗೆ ನಡುವಿನ ಪದರ, ಇದಕ್ಕೆ ಹೆಚ್ಚು ಲೈಟ್ ಬೇಡ, ಥರ್ಮಾಕೋಲ್‌ನಿಂದ ಚೂರು ಹಾಯ್ಸಿದ್ರೆ ಸಾಕು, ಮುಂದಿನದಕ್ಕಿಂತ ಎರಡು ಸ್ಟಾಪ್ ಕಮ್ಮಿ ಇರಲಿ. ಆಮೇಲೆ ಎಲ್ಲಾ ಒಟ್ಟಿಗೆ ಹಾಕಿ ನೋಡಿ.

ನಡುವಿನದನ್ನ ಯಾಕೆ ಕತ್ತಲೆ ಬಿಡ್ಬೇಕು ಅಂದ್ರೆ, ಎಲ್ಲಾ ಪದರವೂ ಸಮವಾಗಿ ಬೆಳಗಿದ್ರೆ ಆಳ ಸತ್ತುಹೋಗುತ್ತೆ, ಎಲ್ಲರೂ ಒಂದೇ ಗೋಡೆಗೆ ಅಂಟಿಸಿದ ಫೋಟೋಗಳ ಥರ ಕಾಣ್ತಾರೆ. ಬೆಳಕು, ಕತ್ತಲೆ, ಮತ್ತೆ ಬೆಳಕು ಅಂತ ಬಂದಾಗ ಕಣ್ಣು ಮುಂದಿನಿಂದ ಹಿಂದಕ್ಕೆ ತಾನೇ ನಡ್ಕೊಂಡು ಹೋಗುತ್ತೆ. ಹಿಮದ ಸೀನ್‌ನಲ್ಲಿ ಕಿಟಕಿಯಾಚೆ ಬೆಳ್ಳಗಿದೆ ನೋಡಿ, ಹುಡುಗ ಎಷ್ಟೇ ಚಿಕ್ಕದಾಗಿ ಕಂಡ್ರೂ ನಮ್ಮ ಕಣ್ಣು ಅವನನ್ನ ಬಿಡಲ್ಲ.

ನಾನು ಇದನ್ನ ಕಲಿತಿದ್ದು ಒಂದು ಹಳೇ ಮನೇಲಿ ಇಡೀ ಸಂಜೆ ಹಾಳು ಮಾಡ್ಕೊಂಡ ಮೇಲೆ. ಮುಂದಿನ ಮೇಜನ್ನ ಮೊದಲು ಚೆಂದ ಮಾಡಿ ಕೂತೆ, ಹಿಂದಕ್ಕೆ ಹೋಗೋ ಹೊತ್ತಿಗೆ ಉಳಿದಿದ್ದ ಲೈಟ್ ಸಾಲಲಿಲ್ಲ, ಅದಕ್ಕೆ ಅಂತ ಅಪರ್ಚರ್ ತೆರೆದೆ, ಲೋಟ ಮಸುಕಾಯ್ತು, ವೈರ್‌ಗಳೆಲ್ಲ ಫ್ರೇಮ್ ಒಳಗೆ ಬಂದಿದ್ವು. ಮಾರನೇ ದಿನ ಅದೇ ಲೈಟುಗಳನ್ನ ಹಿಂದಿನಿಂದ ಶುರು ಮಾಡಿದೆ. ಲೋಟದ ಅಂಚಿನ ಕೆಳಗೆ ಕೆತ್ತಿದ್ದ ಹೆಸರಿನ ಚುಕ್ಕಿ ಚುಕ್ಕಿ ಕಾಣ್ತಿತ್ತು, ಐದು ಮೀಟರ್ ಆಚೆ ದೇವರ ಮನೆ ಬಾಗಿಲಿನ ತೋರಣದಲ್ಲಿ ಒಣಗಿ ಸುರುಟಿದ ಮಾವಿನೆಲೆಗಳನ್ನ ಒಂದೊಂದಾಗಿ ಎಣಿಸಬಹುದಿತ್ತು. ಸಾಮಾನು ಏನೂ ಬದಲಾಗಿರಲಿಲ್ಲ.

## ಹಂತ 6: ಈಗ ಅಪರ್ಚರ್, ಆಮೇಲೆ ಫೋಕಸ್

ಎರಡನೇ ಹಂತದಲ್ಲಿ ಬರೆದಿಟ್ಟ ಅಳತೆ ತಗೊಳ್ಳಿ, ಹತ್ತಿರದ್ದು 1 ಮೀಟರ್, ದೂರದ್ದು 5 ಮೀಟರ್. ಫೋಕಸ್ ಎಲ್ಲಿಡಬೇಕು? ಎಲ್ಲರೂ ಮಧ್ಯ ಅಂತ 3 ಮೀಟರ್‌ಗೆ ಇಡ್ತಾರೆ. ತಪ್ಪು. 24 ಎಂಎಂ, ಎಫ್ 8ರಲ್ಲಿ 3 ಮೀಟರ್‌ಗೆ ಇಟ್ರೆ ಶಾರ್ಪ್ ಶುರುವಾಗೋದು 1.3 ಮೀಟರ್‌ನಿಂದ, ಲೋಟ ಹೊರಗೇ ಉಳೀತು. ಶಾರ್ಪ್ ಇರೋ ಜಾಗ ಫೋಕಸ್ ಬಿಂದುವಿನ ಹಿಂದೆ ಜಾಸ್ತಿ, ಮುಂದೆ ಕಮ್ಮಿ, ಹಾಗಾಗಿ ಫೋಕಸ್ ಮುಂದಕ್ಕೆ ಬರಬೇಕು.

ಸೂತ್ರ ಸುಲಭ. ಎರಡೂ ದೂರ ಗುಣಿಸಿ, ಅದನ್ನ ಎರಡು ಪಟ್ಟು ಮಾಡಿ, ಎರಡೂ ದೂರದ ಮೊತ್ತದಿಂದ ಭಾಗಿಸಿ. 1 ಗುಣಿಸು 5 ಅಂದ್ರೆ 5, ಎರಡು ಪಟ್ಟು 10, ಮೊತ್ತ 6, ಉತ್ತರ ಸುಮಾರು 1.67 ಮೀಟರ್. ಅಲ್ಲಿ ಏನೂ ಇಲ್ಲ, ಲೋಟಕ್ಕೂ ಕುರ್ಚಿಗೂ ನಡುವಿನ ಖಾಲಿ ಜಾಗ ಅದು, ಪರವಾಗಿಲ್ಲ. ಯಾರಾದ್ರೂ ಅಲ್ಲಿ ಒಂದು ಪುಸ್ತಕ ಹಿಡ್ಕೊಂಡು ನಿಲ್ಲಲಿ, ಅಕ್ಷರಕ್ಕೆ ಫೋಕಸ್ ಮಾಡಿ ಲಾಕ್ ಮಾಡಿ. ಆಟೋಫೋಕಸ್ ಆಫ್. ಅದು ಆನ್ ಇದ್ರೆ ಯಾವುದೋ ಒಂದು ಮುಖ ಹುಡುಕ್ಕೊಂಡು ಶಾಟ್ ಮಧ್ಯದಲ್ಲಿ ಜಿಗಿಯುತ್ತೆ.

ಈ ಅಳತೆಗೆ ಫುಲ್ ಫ್ರೇಮ್ 24 ಎಂಎಂನಲ್ಲಿ ಎಫ್ 8 ಬೇಕು, ಕ್ರಾಪ್ ಸೆನ್ಸರ್‌ನ 16 ಎಂಎಂನಲ್ಲಿ ಎಫ್ 5.6 ಸಾಕು. ಬೇಕಾದ್ದಕ್ಕಿಂತ ಒಂದು ಸ್ಟಾಪ್ ಚಿಕ್ಕದು ಇಟ್ಕೊಂಡ್ರೆ ನೆಮ್ಮದಿ, ಆದ್ರೆ ಎಫ್ 22 ತನಕ ಹೋಗಬೇಡಿ, ತೂತು ತೀರಾ ಚಿಕ್ಕದಾದಾಗ ಇಡೀ ಚಿತ್ರವೇ ಮೆತ್ತಗಾಗುತ್ತೆ. ಎಫ್ 11ಕ್ಕಿಂತ ಆಚೆ ಹೋಗೋ ಪರಿಸ್ಥಿತಿ ಬಂದ್ರೆ ಹಂತ 2ಕ್ಕೆ ವಾಪಸ್ ಹೋಗಿ ಲೋಟವನ್ನ ಒಂದು ಗೇಣು ಹಿಂದಕ್ಕೆ ಸರಿಸಿ. ಮುಂದಿನ ವಸ್ತು ಹತ್ತು ಇಪ್ಪತ್ತು ಸೆಂಟಿಮೀಟರ್ ಸರಿದ್ರೆ ಸಿಗೋ ಲಾಭ ಒಂದು ಲೈಟ್ ಬಾಡಿಗೆಗೆ ತಂದ್ರೂ ಸಿಗಲ್ಲ.

## ಹಂತ 7: ಸೀಲಿಂಗ್ ಕಾಣ್ತಿದ್ಯಾ ನೋಡ್ಕೊಳ್ಳಿ

ವೈಡ್ ಲೆನ್ಸ್, ಕೆಳಗಿನ ಕೋನ ಎರಡೂ ಸೇರಿದ್ರೆ ಸೀಲಿಂಗ್ ಫ್ರೇಮ್‌ಗೆ ಬರುತ್ತೆ. ಹಾಲಿವುಡ್ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಮೇಲ್ಗಡೆ ಖಾಲಿ ಬಿಟ್ಟು ಲೈಟ್, ಮೈಕ್ ನೇತಾಕ್ತಿದ್ರು. ಕೇನ್‌ನಲ್ಲಿ ತುಂಬಾ ಸೆಟ್‌ಗಳಿಗೆ ಮಸ್ಲಿನ್ ಬಟ್ಟೆ ಕಟ್ಟಿ ಸೀಲಿಂಗ್ ಮಾಡಿದ್ರು, ಬಟ್ಟೆ ಆಗಿದ್ರಿಂದ ಶಬ್ದ ಅದರ ಮೂಲಕ ಹಾಯ್ತಿತ್ತು, ಮೈಕ್ ಅದರ ಮೇಲಿಟ್ರು. ಆದ್ರೆ ಮೇಲಿಂದ ಲೈಟ್ ಹಾಕೋ ದಾರಿ ಮುಚ್ಚಿಹೋಯ್ತು, ನೆಲದಿಂದಲೇ ಲೈಟ್ ಮಾಡಬೇಕಾಯ್ತು. ಮನೇಲಿ ಶೂಟ್ ಮಾಡೋರಿಗೆ ಇದೇ ಮಾಮೂಲಿ ಪರಿಸ್ಥಿತಿ, ಅದಕ್ಕೇ ಅವರ ವಿಧಾನ ನಮಗೆ ಒಗ್ಗುತ್ತೆ. ಫ್ಯಾನು, ಉರೀತಿರೋ ಟ್ಯೂಬ್‌ಲೈಟ್ ಫ್ರೇಮಲ್ಲಿ ಬಂದ್ರೆ ಬಿಳಿ ಪಂಚೇನ ಬಿಗಿಯಾಗಿ ಎಳೆದು ಕಟ್ಟಿ ಮುಚ್ಚಿ. ಫ್ಯಾನ್ ಸ್ವಿಚ್ಚಿಗೆ ಮೊದಲು ಟೇಪ್ ಅಂಟಿಸಿ, ಯಾರೂ ಹಾಕದ ಹಾಗೆ.

## ಹಂತ 8: ರಿಹರ್ಸಲ್, ಟೆಸ್ಟ್, ಟೇಕ್

ಕೇನ್‌ನ ಪ್ರೊಜೆಕ್ಷನ್ ರೂಮ್ ಸೀನ್ ಇದ್ಯಲ್ಲ, ಹೊಗೆ ತುಂಬಿದ ಕತ್ತಲೆ ಕೋಣೇಲಿ ಪತ್ರಕರ್ತರು ಮಾತಾಡೋದು, ಅದನ್ನ ಟೆಸ್ಟ್ ಅಂತಲೇ ಶೂಟ್ ಮಾಡಿದ್ದು, ಆಮೇಲೆ ಸಿನಿಮಾದಲ್ಲೇ ಉಳೀತು. ನಿಮ್ಮ ಟೆಸ್ಟನ್ನೂ ಅಷ್ಟೇ ಶ್ರದ್ಧೆಯಿಂದ ತೆಗೀರಿ. ಲೈಟ್ ಎಲ್ಲಾ ಆದ ಮೇಲೆ 20 ಸೆಕೆಂಡ್ ರೆಕಾರ್ಡ್ ಮಾಡಿ, ಲ್ಯಾಪ್‌ಟಾಪ್‌ಗೆ ಹಾಕಿ, ಮೂರು ಪದರವನ್ನೂ ಜೂಮ್ ಮಾಡಿ ನೋಡಿ. ಕ್ಯಾಮೆರಾದ ಮೂರಿಂಚಿನ ಸ್ಕ್ರೀನಲ್ಲಿ ಎಲ್ಲಾ ಶಾರ್ಪಾಗೇ ಕಾಣುತ್ತೆ, ಅದನ್ನ ನಂಬಬೇಡಿ.

ನಟರಿಗೆ ಗುರುತಿನ ಮೇಲೇ ನಿಲ್ಲೋಕೆ ಹೇಳಿ, ಮುಂದಿನ ಪದರದೋರು 15 ಸೆಂಟಿಮೀಟರ್ ಮುಂದಕ್ಕೆ ಬಾಗಿದ್ರೂ ಮಸುಕಾಗ್ತಾರೆ, ಹಿಂದಿನೋರು ಒಂದು ಹೆಜ್ಜೆ ಆಚೀಚೆ ಆದ್ರೂ ಫೋಕಸ್‌ಗೆ ತೊಂದರೆ ಇಲ್ಲ. ಮಾತು ಬಾರದ ಪದರದಲ್ಲಿರೋರಿಗೂ ಮಾಡೋಕೆ ಒಂದು ಕೆಲಸ ಕೊಡಿ, ಸೊಪ್ಪು ಬಿಡಿಸೋದೋ ಬಟ್ಟೆ ಮಡಚೋದೋ. ಶಾಟ್ ಉದ್ದ ಇರುತ್ತೆ, ಕಟ್ ಇರಲ್ಲ, ಸುಮ್ನೆ ನಿಂತೋರು ಬೊಂಬೆ ಥರ ಕಾಣ್ತಾರೆ.

ಟೋಲಂಡ್ ಸ್ಯಾಮ್ಯುಯೆಲ್ ಗೋಲ್ಡ್‌ವಿನ್ ಸ್ಟುಡಿಯೋದೋರು, ಕೇನ್‌ಗೆ ಅಂತ ಆರ್‌ಕೆಓ ಸ್ಟುಡಿಯೋಗೆ ಎರವಲು ಹೋದಾಗ ತಮ್ಮ ತಂಡವನ್ನ, ಸಲಕರಣೆಯನ್ನ ಜೊತೇಲೇ ಕರ್ಕೊಂಡು ಹೋದ್ರು. 15ನೇ ವಯಸ್ಸಿಗೆ ಸ್ಟುಡಿಯೋದಲ್ಲಿ ಆಫೀಸ್ ಬಾಯ್ ಆಗಿ ಸೇರಿ, ಛಾಯಾಗ್ರಾಹಕ ಜಾರ್ಜ್ ಬಾರ್ನ್ಸ್ ಕೈ ಕೆಳಗೆ ವರ್ಷಗಟ್ಟಲೆ ಅಸಿಸ್ಟೆಂಟ್ ಆಗಿದ್ದೋರು ಅವರು, ಟೇಪ್ ಹಿಡಿಯೋರ ಬೆಲೆ ಅವರಿಗೆ ಗೊತ್ತಿತ್ತು. ನಿಮ್ಮ ಮೂರು ಜನರ ಟೀಮಲ್ಲೂ ಅಳತೆ ಬರ್ಕೊಳ್ಳೋ ಒಬ್ಬರು ಪ್ರತಿ ಸಲ ಅವರೇ ಆಗಿರಲಿ, ಶಾಟ್‌ಗೊಬ್ಬರನ್ನ ಬದಲಾಯಿಸಬೇಡಿ.

## ಹಂತ 9: ಏನು ಮಾಡಿದ್ರೂ ಆಗ್ಲಿಲ್ವಾ, ಎರಡು ಸಲ ತೆಗೀರಿ

ಕೇನ್‌ನಲ್ಲಿ ಅವನ ಎರಡನೇ ಹೆಂಡತಿ ಸೂಸನ್ ನಿದ್ದೆ ಔಷಧಿ ಮಿತಿಮೀರಿ ತಗೊಂಡು ಮಲಗಿರೋ ಶಾಟ್: ಮುಂದೆ ದೊಡ್ಡದಾಗಿ ಗಾಜಿನ ಲೋಟ, ಬಾಟ್ಲಿ, ನಡುವೆ ನೆರಳಲ್ಲಿ ಅವಳು, ದೂರದಲ್ಲಿ ಬಾಗಿಲು ಒಡೆದು ಬರೋ ಕೇನ್. ಇಷ್ಟು ಆಳ ಯಾವ ಲೆನ್ಸಿಗೂ ಸಿಗ್ತಿರಲಿಲ್ಲ. ಅದಕ್ಕೆ ಮೊದಲು ಹಿಂದೆಲ್ಲ ಕತ್ತಲೆ ಮಾಡಿ ಬರೀ ಲೋಟಕ್ಕೆ ಲೈಟು, ಫೋಕಸ್ ಇಟ್ಟು ಒಂದು ಸಲ, ಅದೇ ಫಿಲಂ ಹಿಂದಕ್ಕೆ ಸುತ್ತಿ ಲೋಟವನ್ನ ಕತ್ತಲಲ್ಲಿಟ್ಟು ಹಿಂದಿನದಕ್ಕೆ ಫೋಕಸ್ ಮಾಡಿ ಇನ್ನೊಂದು ಸಲ ತೆಗೆದ್ರು. ಬೇರೆ ಕೆಲವು ಶಾಟ್‌ಗಳನ್ನ ಆಪ್ಟಿಕಲ್ ಪ್ರಿಂಟರ್‌ನಲ್ಲಿ (ಬೇರೆ ಬೇರೆ ಫಿಲಂ ತುಂಡುಗಳನ್ನ ಒಂದೇ ಚಿತ್ರವಾಗಿ ಸೇರಿಸೋ ಯಂತ್ರ) ಆರ್‌ಕೆಓದ ಟ್ರಿಕ್ ಶಾಟ್ ತಜ್ಞ ಲಿನ್‌ವುಡ್ ಡನ್ ಜೋಡಿಸಿದ್ರು. ಕೇನ್‌ನ ಪ್ರತಿ ಶಾಟೂ ಒಂದೇ ಲೆನ್ಸಿನ ಪವಾಡ ಅಂದ್ಕೊಂಡು ಅದನ್ನ ಮನೇಲಿ ಮಾಡೋಕೆ ಹೋಗಿ ಬೇಜಾರಾಗೋರು ಇದನ್ನ ತಿಳ್ಕೊಳ್ಳಿ.

ನಿಮಗಿದು ಇನ್ನೂ ಸುಲಭ. ಟ್ರೈಪಾಡ್ ಅಲುಗಾಡದ ಹಾಗೆ ಕಟ್ಟಿ, ಒಂದು ಟೇಕ್ ಲೋಟಕ್ಕೆ, ಒಂದು ಟೇಕ್ ಹಿಂದಿನದಕ್ಕೆ, ಎಡಿಟಿಂಗಲ್ಲಿ ಮಾಸ್ಕ್ ಹಾಕಿ (ಒಂದೊಂದು ಟೇಕ್‌ನ ಬೇಡದ ಭಾಗ ಮರೆಮಾಡಿ) ಸೇರಿಸಿ. ಎರಡು ಎಚ್ಚರಿಕೆ. ಸೇರೋ ಗೆರೆ ಕತ್ತಲೆ ಜಾಗದಲ್ಲೇ ಬೀಳಬೇಕು, ಸೂಸನ್ ಶಾಟ್‌ನ ನಡುವೆ ನೆರಳಿದೆಯಲ್ಲ ಹಾಗೆ, ಯಾರೂ ಆ ಗೆರೆ ದಾಟಬಾರದು. ಇನ್ನೊಂದು, ಫೋಕಸ್ ತಿರುಗಿಸಿದಾಗ ಫ್ರೇಮ್ ಚೂರು ಹಿಗ್ಗುತ್ತೆ ಇಲ್ಲ ಕುಗ್ಗುತ್ತೆ, ಹಾಗಾಗಿ ಸುತ್ತಲೂ ಸ್ವಲ್ಪ ಜಾಗ ಬಿಟ್ಟು ತೆಗೀರಿ, ಆಮೇಲೆ ಹೊಂದಿಸ್ಕೊಬಹುದು.

## ಮಾನಿಟರಲ್ಲಿ ಇವು ಕಂಡ್ರೆ ಟೇಕ್ ನಿಲ್ಸಿ

ಮುಂದಿನದು ಮಸುಕು, ಮಿಕ್ಕಿದ್ದು ಸರಿ: ಫೋಕಸ್ ಬಿಂದು ತುಂಬಾ ಹಿಂದಿದೆ, ಅಪರ್ಚರ್ ಮುಟ್ಟೋಕೆ ಮುಂಚೆ ಸೂತ್ರ ಮತ್ತೆ ಹಾಕಿ. ಮೂರೂ ಪದರ ಮೆತ್ತಗೆ: ಅಪರ್ಚರ್ ಅತಿ ಚಿಕ್ಕದಾಗಿದೆ ಅಥವಾ ಲೆನ್ಸ್ ಮೇಲೆ ಬೆರಳಚ್ಚಿದೆ, ಮೊದಲು ಬಟ್ಟೇಲಿ ಒರೆಸಿ ನೋಡಿ.

ಹಿಂದಿನ ಗೋಡೆ ಮೇಲೆ ಒಬ್ಬರದೇ ಎರಡು ನೆರಳು: ಮುಂದಿನ ಲೈಟ್ ಹಿಂದಕ್ಕೆ ಸೋರ್ತಿದೆ, ಕಪ್ಪು ಬಟ್ಟೆ ಇನ್ನೂ ಕೆಳಗೆ ಇಳಿಸಿ. ನೋಡಿದೋರು ಹಿಂದೆ ಇದ್ದೋರನ್ನ ಗಮನಿಸ್ಲೇ ಇಲ್ಲ ಅಂದ್ರೆ ಅದು ಫೋಕಸ್ ತಪ್ಪಲ್ಲ, ಅವರ ಹಿಂದೆ ಕ್ಯಾಲೆಂಡರ್, ಕ್ಯಾನು, ಒಣಹಾಕಿದ ಟವೆಲ್ ಎಲ್ಲಾ ಅಷ್ಟೇ ಶಾರ್ಪಾಗಿ ನಿಂತಿವೆ. ಡೀಪ್ ಫೋಕಸ್‌ನಲ್ಲಿ ಬ್ಲರ್ ಆಗಿ ಮರೆಯಾಗೋದು ಏನೂ ಇಲ್ಲ, ಬೇಡದ ಸಾಮಾನನ್ನ ಕೈಯಾರೆ ಎತ್ತಿಡಬೇಕು.

## ಹಿಂದಿನದನ್ನ ಬೇಕಂತಲೇ ಮಸುಕು ಬಿಡೋ ಸಂದರ್ಭ

ದಿ ಲಿಟಲ್ ಫಾಕ್ಸಸ್‌ನಲ್ಲಿ ಹೃದಯದ ಕಾಯಿಲೆ ಇರೋ ಗಂಡ ಔಷಧಿಗೆ ಅಂತ ಮೆಟ್ಟಿಲ ಕಡೆ ತೆವಳ್ತಾ ಹೋಗ್ತಾನೆ, ಹೆಂಡತಿ ಪಾತ್ರದ ಬೆಟ್ ಡೇವಿಸ್ ಮುಂದೆ ಅಲುಗಾಡದೆ ಕೂತಿರ್ತಾರೆ. ಎಲ್ಲವನ್ನೂ ಶಾರ್ಪಾಗಿ ತೋರಿಸೋ ತಾಕತ್ತಿದ್ದ ಟೋಲಂಡ್ ಮತ್ತು ನಿರ್ದೇಶಕ ವಿಲಿಯಂ ವೈಲರ್ ಆ ಸೀನ್‌ನಲ್ಲಿ ಹಿಂದೆ ಸಾಯ್ತಿರೋ ಗಂಡನನ್ನ ಮಸುಕಾಗೇ ಬಿಟ್ರು, ಶಾರ್ಪ್ ಇರೋದು ಅವಳ ಮುಖ ಒಂದೇ. ಹಿಂದೆ ಏನಾಗ್ತಿದೆ ಅಂತ ಅವಳಿಗೆ ಗೊತ್ತು, ತಿರುಗಿ ನೋಡಲ್ಲ, ನಾವು ನೋಡೋಕೆ ಹೋದ್ರೂ ಪೂರ್ತಿ ಕಾಣಲ್ಲ.

ಹಾಗಾಗಿ ಒಂಬತ್ತು ಹಂತ ಮುಗಿಸಿ ಟೇಕ್ ಓಕೆ ಆದ ಮೇಲೆ ಲೈಟ್ ಬಿಚ್ಚಬೇಡಿ. ಇನ್ನೊಂದು ಟೇಕ್ ತೆಗೀರಿ, ಅಪರ್ಚರ್ 2.8ಕ್ಕೆ ತೆರೆದು, ಐಎಸ್‌ಒ ಮೂರು ಸ್ಟಾಪ್ ಇಳಿಸಿ, ಇಳಿಯಲ್ಲ ಅಂದ್ರೆ ಲೆನ್ಸ್ ಮುಂದೆ ಎನ್‌ಡಿ ಫಿಲ್ಟರ್ (ಬೆಳಕು ಕಮ್ಮಿ ಮಾಡೋ ಕಪ್ಪು ಗಾಜು) ಹಾಕಿ, ಫೋಕಸ್ ಮುಂದಿನದಕ್ಕೆ ಮಾತ್ರ ಇಟ್ಟು. ಎಡಿಟಿಂಗ್ ಟೇಬಲ್‌ನಲ್ಲಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ, ಸೌಂಡ್ ಆಫ್ ಮಾಡಿ.